ಅಪ್ಪನಿಗಿಂತ ಎರಡು ವರ್ಷ ಹಿರಿಯ ಮಗ

ಯೆಹೂದದ ಅರಸ ಯೆಹೋರಾಮ 32ನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದು ಎಂಟು ವರ್ಷ ಆಳಿ ತೀರಿಕೊಂಡ ಎನ್ನುತ್ತದೆ ಬೈಬಲಿನ ಎರಡನೆಯ ಪೂರ್ವಕಾಲವೃತ್ತಾಂತ. ಸಾಯುವಾಗ ಅವನಿಗೆ 40 ಎಂದಾಯಿತು. ಅವನ ಜಾಗಕ್ಕೆ ಕಿರಿಯ ಮಗ ಅಹಜ್ಯ ಬರುತ್ತಾನೆ. ಮುಂದಿನ ಅಧ್ಯಾಯದ ಹೀಬ್ರೂ ಮೂಲ ಆಗ ಅವನಿಗೆ 42 ವರ್ಷ ಎನ್ನುತ್ತದೆ. ಕಿರಿಮಗನೇ ಅಪ್ಪನಿಗಿಂತ ಎರಡು ವರ್ಷ ದೊಡ್ಡವನು! ಇದೇ ಪಟ್ಟಾಭಿಷೇಕವನ್ನು ಹೇಳುವ ಎರಡನೆಯ ಅರಸುಗಳು ಪುಸ್ತಕದಲ್ಲಿ ಅವನ ವಯಸ್ಸು 22. ಇಂದಿನ ಹಲವು ಅನುವಾದಗಳು ಎರಡೂ ಕಡೆ 22 ಎಂದೇ ಅಚ್ಚುಹಾಕಿ, 42ನ್ನು ಅಡಿಟಿಪ್ಪಣಿಗೆ ಇಳಿಸಿಬಿಟ್ಟಿವೆ. ಬೈಬಲಿನಲ್ಲಿ ಪರಸ್ಪರ ವಿರೋಧಗಳಿವೆಯೇ ಎಂದು ಕೇಳಿದರೆ ಇದೊಂದೇ ಉದಾಹರಣೆ ಸಾಕು: ಇವೆ. ಅದರಲ್ಲಿ ವಾದಕ್ಕೆ ಹೆಚ್ಚು ಜಾಗವಿಲ್ಲ. ವಾದಕ್ಕೆ ಜಾಗವಿರುವುದು ಬೇರೆಡೆ. ಈ ವಿರೋಧಗಳು ಒಂದು ಕಾಲಕ್ಕೆ ಯಾರ ನಿದ್ದೆಯನ್ನೂ ಕೆಡಿಸದೆ, ಇನ್ನೊಂದು ಕಾಲಕ್ಕೆ ಇಡೀ ಧರ್ಮದ ಅಳಿವು ಉಳಿವಿನ ಪ್ರಶ್ನೆಯಾದದ್ದು ಹೇಗೆ? ಉತ್ತರ ಹುಡುಕಲು 1854ರ ಆಗ್ರಾಕ್ಕಿಂತ ಒಳ್ಳೆಯ ಜಾಗವಿಲ್ಲ.

ಆ ವರ್ಷ ಏಪ್ರಿಲ್ 10 ಮತ್ತು 11ರಂದು ಆಗ್ರಾದ ಮಿಶನ್ ಶಾಲೆಯಲ್ಲಿ ಒಂದು ಬಹಿರಂಗ ವಾದ ನಡೆಯಿತು. ಒಂದು ಕಡೆ ಕಾರ್ಲ್ ಗಾಟ್ಲೀಬ್ ಫಾಂಡರ್ ಎಂಬ ಜರ್ಮನ್ ಪಾದ್ರಿ. ವ್ಯುರ್ಟೆಂಬರ್ಗ್ ಸೀಮೆಯವನು, ಬಾಸೆಲಿನಲ್ಲಿ ಕಲಿತವನು, ಫಾರ್ಸಿ ಬಲ್ಲವನು, ಇಸ್ಲಾಮಿನ ವಿರುದ್ಧ ‘ಮೀಜಾನ್ ಅಲ್ ಹಕ್’ ಬರೆದು ಹೆಸರಾದವನು. ಪಕ್ಕದಲ್ಲಿ ಸಹಾಯಕ್ಕೆ ಥಾಮಸ್ ವಾಲ್ಪಿ ಫ್ರೆಂಚ್, ಮುಂದೆ ಲಾಹೋರಿನ ಮೊದಲ ಬಿಷಪ್ ಆದವನು. ಇನ್ನೊಂದು ಕಡೆ ಕೈರಾನಾ ಊರಿನ ಮೌಲವಿ ರಹಮತುಲ್ಲಾ, ಅವರ ಜೊತೆಗೆ ಆಗ್ರಾದ ಸರ್ಕಾರಿ ಆಸ್ಪತ್ರೆಯ ವೈದ್ಯ ವಜೀರ್ ಖಾನ್. ಕಂಪನಿಯ ಅಧಿಕಾರಿಗಳು, ಊರಿನ ವಿದ್ವಾಂಸರು ಕೇಳಲು ಕೂತಿದ್ದರು. ಮೊದಲ ದಿನದ ಸುದ್ದಿ ಹಬ್ಬಿ ಎರಡನೆಯ ದಿನ ಜನ ಇನ್ನೂ ಹೆಚ್ಚಾದರು. ಐದು ವಿಷಯಗಳ ಮೇಲೆ ಚರ್ಚೆ ಎಂದು ಒಪ್ಪಂದವಾಗಿತ್ತು. ತ್ರಿಯೇಕತ್ವ, ಕುರಾನ್, ಮುಹಮ್ಮದರ ಪ್ರವಾದಿತ್ವ ಎಲ್ಲವೂ ಅದರಲ್ಲಿದ್ದವು. ಆದರೆ ಎರಡು ದಿನಗಳಲ್ಲಿ ಮೊದಲ ಎರಡನ್ನು ದಾಟಲಿಲ್ಲ: ದೇವರು ಕೊಟ್ಟ ಗ್ರಂಥ ಮುಂದೆ ರದ್ದಾಗಬಹುದೇ, ಬೈಬಲಿನ ಪಾಠ ಕೆಟ್ಟಿದೆಯೇ.

ಫಾಂಡರ್ ಎದುರುನೋಡಿದ್ದು ಹಳೆಯ ಬಗೆಯ ಮೌಲವಿಯನ್ನು. ಎದುರಿಗೆ ಬಂದದ್ದು ಯುರೋಪಿನದೇ ಪುಸ್ತಕರಾಶಿ. ವಜೀರ್ ಖಾನ್ ವೈದ್ಯ ಓದಲು ಇಂಗ್ಲೆಂಡಿಗೆ ಹೋಗಿದ್ದಾಗ ಬೈಬಲ್ ವಿಮರ್ಶೆಯ ಗ್ರಂಥಗಳನ್ನು ಕೂಡಿಸಿ ತಂದಿದ್ದರು. ಹಾರ್ನ್, ಐಕ್‌ಹಾರ್ನ್, ಸ್ಟ್ರಾಸ್ ಮೊದಲಾದವರ ಹೆಸರುಗಳು ಆಗ್ರಾದ ವಾದಕ್ಕೆ ಬಂದದ್ದು ಹೀಗೆ. ನಿಮ್ಮ ಪಂಡಿತರೇ ಪಾಠ ಕೆಟ್ಟಿದೆ ಎನ್ನುತ್ತಾರಲ್ಲ, ನೀವೇನೆನ್ನುತ್ತೀರಿ ಎಂಬುದು ರಹಮತುಲ್ಲಾ ಅವರ ಪಟ್ಟು. ಏಳೆಂಟು ಕಡೆ ಪಾಠ ಬದಲಾಗಿರುವುದು ನಿಜ, ಆದರೆ ಅದರಿಂದ ಸಿದ್ಧಾಂತಕ್ಕೆ ಧಕ್ಕೆಯಿಲ್ಲ ಎಂದು ಫಾಂಡರ್ ಒಪ್ಪಿಕೊಂಡ. ಸಭಿಕರ ಪಾಲಿಗೆ ವಾದ ಅಲ್ಲಿಗೇ ಮುಗಿಯಿತು. ಎರಡೂ ಪಕ್ಷಗಳು ಗೆದ್ದೆವೆಂದು ಬರೆದುಕೊಂಡವು, ಆ ಮಾತು ಬೇರೆ.

ಫಾಂಡರ್ ಅಷ್ಟು ಸುಲಭವಾಗಿ ಸಿಕ್ಕಿಬಿದ್ದದ್ದೇಕೆ? ತಯಾರಿ ಸಾಲದೆ ಎನ್ನುವವರಿದ್ದಾರೆ. ಅದರಲ್ಲಿ ಹುರುಳಿದೆ. ಅವನು ಕಾಕಸಸ್ಸಿನ ಶುಶಾಕ್ಕೆ ಹೊರಟದ್ದು 1825ರಲ್ಲಿ. ಜರ್ಮನಿಯನ್ನೇ ಅಲ್ಲಾಡಿಸಿದ ಸ್ಟ್ರಾಸನ ಯೇಸುಚರಿತ್ರೆ ಬಂದದ್ದು ಅದಾಗಿ ಹತ್ತು ವರ್ಷಕ್ಕೆ, 1835ರಲ್ಲಿ. ಆದರೆ ನನಗೆ ಕಾಣುವ ಕಾರಣ ಇನ್ನೂ ಆಳದ್ದು. ನಿಜವಾದ ದೇವವಾಣಿಯನ್ನು ಗುರುತಿಸುವುದು ಹೇಗೆ ಎಂದು ‘ಮೀಜಾನ್’ ಕೆಲವು ಲಕ್ಷಣಗಳನ್ನು ಮೊದಲೇ ಹೇಳಿಬಿಡುತ್ತದೆ. ಅದು ತನಗೆ ತಾನೇ ವಿರೋಧವಾಗಿರಬಾರದು ಎಂಬುದು ಅವುಗಳಲ್ಲಿ ಒಂದು. ಕುರಾನನ್ನು ತೂಗಲೆಂದು ಫಾಂಡರ್ ಇಟ್ಟ ತಕ್ಕಡಿ ಅದು. ರಹಮತುಲ್ಲಾ ಅದನ್ನು ತಿರುಗಿಸಿ ಅದರ ಮೇಲೆ ಬೈಬಲನ್ನೇ ಇಟ್ಟರು. ಅವರಿಗೂ ಆ ತಕ್ಕಡಿ ಸಹಜವಾಗಿತ್ತು. ಇಂಜೀಲ್ ಎಂದರೆ ಈಸಾ (ಯೇಸು) ಅವರಿಗೆ ಇಳಿದುಬಂದ ಒಂದೇ ಗ್ರಂಥ ಎಂದು ನಂಬಿದವರಿಗೆ ನಾಲ್ಕು ಕೈಗಳು ಬರೆದ ನಾಲ್ಕು ಸುವಾರ್ತೆಗಳೇ ಅರ್ಧ ಪುರಾವೆ. ಹೊಡೆದಾಡಿದ ಇಬ್ಬರೂ ಒಂದು ಮಾತಿನಲ್ಲಿ ಮಾತ್ರ ಒಮ್ಮತದವರು: ದೇವರ ಪುಸ್ತಕ ಒಂದೇ ದನಿಯಲ್ಲಿ ಮಾತಾಡಬೇಕು. ನನ್ನ ವಾದವಿಷ್ಟೇ. ಈ ಅಳತೆ ಬೈಬಲನ್ನು ಕೂಡಿಸಿಟ್ಟವರದಲ್ಲ, ಬಹಳ ತಡವಾಗಿ ಬಂದದ್ದು.

ಕೂಡಿಸಿಟ್ಟವರು ಈ ವಿರೋಧಗಳನ್ನು ಕಾಣದ ಮುಗ್ಧರೇನಲ್ಲ. ಕಾಣದಿರಲು ವಿರೋಧಿಗಳು ಬಿಟ್ಟಿರಲೂ ಇಲ್ಲ. ಎರಡನೆಯ ಶತಮಾನದಲ್ಲಿ ಕೆಲ್ಸಸ್, ಮೂರನೆಯದರ ಕೊನೆಯಲ್ಲಿ ಪೋರ್ಫಿರಿ ಸುವಾರ್ತೆಗಳನ್ನು ಹರಡಿಕೊಂಡು ಹುಳುಕು ಹೆಕ್ಕಿದರು. ಪೋರ್ಫಿರಿಯ ಪುಸ್ತಕಕ್ಕೆ 448ರಲ್ಲೂ ಚಕ್ರವರ್ತಿ ಬೆಂಕಿ ಇಡಿಸಬೇಕಾಯಿತು ಎಂದರೆ ಅದರ ಚುರುಕು ತಿಳಿಯುತ್ತದೆ. ಯೋಸೇಫನ ತಂದೆ ಮತ್ತಾಯನ ಪ್ರಕಾರ ಯಾಕೋಬ, ಲೂಕನ ಪ್ರಕಾರ ಹೇಲೀ. ಇದಕ್ಕೆ ಮೂರನೆಯ ಶತಮಾನದ ಯೂಲಿಯಸ್ ಆಫ್ರಿಕಾನಸ್ ಕೊಟ್ಟ ಸಮಾಧಾನ ನಿಯೋಗದ ಕಥೆ ಕೇಳಿದ ನಮಗೆ ಹೊಸದೆನಿಸದು: ಹೇಲೀ ಮಕ್ಕಳಿಲ್ಲದೆ ಸತ್ತ, ತಮ್ಮನ ಸ್ಥಾನದಲ್ಲಿದ್ದ ಯಾಕೋಬ ವಿಧವೆಯಲ್ಲಿ ಮಗನನ್ನು ಪಡೆದ, ಒಬ್ಬ ಹುಟ್ಟಿಸಿದ ತಂದೆ, ಇನ್ನೊಬ್ಬ ಕಾನೂನಿನ ತಂದೆ. ಒರಿಗೆನ್ ಇನ್ನೂ ಧೈರ್ಯಸ್ಥ. ಯೇಸು ದೇವಾಲಯದಿಂದ ವ್ಯಾಪಾರಿಗಳನ್ನು ಓಡಿಸಿದ ಪ್ರಸಂಗ ಯೋಹಾನನಲ್ಲಿ ಕಥೆಯ ಆರಂಭಕ್ಕೇ ಬರುತ್ತದೆ, ಉಳಿದ ಮೂವರಲ್ಲಿ ಕೊನೆಯ ವಾರಕ್ಕೆ. ಇವನ್ನು ಚರಿತ್ರೆಯಾಗಿ ಹೊಂದಿಸಲು ಆಗದು, ಬರೆದವರು ಕೆಲವೆಡೆ ಹೊರಗಿನ ಘಟನೆಯನ್ನು ಬದಲಿಸಿಯಾದರೂ ಒಳಗಿನ ಸತ್ಯವನ್ನು ಉಳಿಸಿದ್ದಾರೆ ಎಂದು ಅವನು ಬರೆದ. ಅವನು ಸಭೆಯ ಹೊರಗಿನವನಲ್ಲ, ಆ ಕಾಲದ ಅತಿದೊಡ್ಡ ಬೈಬಲ್ ವಿದ್ವಾಂಸ; ಕೆಲ್ಸಸನಿಗೆ ಉತ್ತರ ಬರೆದವನೂ ಅವನೇ.

ಇದಕ್ಕಿಂತ ಗಟ್ಟಿ ಸಾಕ್ಷಿ ತಾತಿಯಾನನ ಪುಸ್ತಕದ ಗತಿ. ಸುಮಾರು 170ರಲ್ಲಿ ಈ ಸಿರಿಯಾದವನು ನಾಲ್ಕು ಸುವಾರ್ತೆಗಳನ್ನು ಕತ್ತರಿಸಿ ಹೆಣೆದು ಒಂದೇ ಕಥೆ ಮಾಡಿದ. ಎರಡು ವಂಶಾವಳಿಗಳನ್ನೂ ಕೈಬಿಟ್ಟ; ತಕರಾರೇ ಇಲ್ಲ. ಸಿರಿಯಾದ ಸಭೆಗಳು ತಲೆಮಾರುಗಟ್ಟಲೆ ಅದನ್ನೇ ಓದಿದವು. ಒಂದೇ ದನಿಯ ಗ್ರಂಥವೇ ಬೇಕಾಗಿದ್ದರೆ ಅದು ಸಿದ್ಧವಾಗಿ ಕೈಯಲ್ಲಿತ್ತು. ಆದರೆ ಐದನೆಯ ಶತಮಾನದಲ್ಲಿ ಸೈರಸ್ ಪಟ್ಟಣದ ಬಿಷಪ್ ಥಿಯೊಡೊರೆಟ್ ತನ್ನ ಸೀಮೆಯಲ್ಲಿ ಅದರ ಇನ್ನೂರಕ್ಕೂ ಹೆಚ್ಚು ಪ್ರತಿಗಳನ್ನು ಒಟ್ಟುಮಾಡಿ ತೆಗೆಸಿಹಾಕಿ, ಅವುಗಳ ಜಾಗಕ್ಕೆ ಒಂದಕ್ಕೊಂದು ತಾಳೆಯಾಗದ ನಾಲ್ಕನ್ನು ತಂದಿಟ್ಟ. ಅದಕ್ಕೂ ಮೊದಲೇ, ಸುಮಾರು 180ರಲ್ಲಿ, ಇರೇನಿಯಸ್ ಗಾಳಿಗೆ ನಾಲ್ಕು ದಿಕ್ಕಿರುವಂತೆ ಸುವಾರ್ತೆಯೂ ನಾಲ್ಕೇ ಎಂದಿದ್ದ.

ಇದಕ್ಕೆ ಆಕ್ಷೇಪವಿದೆ. ನಾಲ್ಕು ಉಳಿದದ್ದು ತತ್ತ್ವದಿಂದಲ್ಲ, ಬಲಾಬಲದಿಂದ. ಒಂದೊಂದು ಸುವಾರ್ತೆಯ ಹಿಂದೆ ಒಂದೊಂದು ಪ್ರಾಂತ್ಯದ ಸಭೆ ಇತ್ತು, ಯಾವುದನ್ನು ತೆಗೆದರೂ ಜಗಳವಾಗುತ್ತಿತ್ತು. ತಾತಿಯಾನನಿಗೆ ಪಾಷಂಡಿ ಎಂಬ ಹಣೆಪಟ್ಟಿಯೂ ಬಿದ್ದಿತ್ತು. ಎರಡೂ ನಿಜವೇ. ಆದರೆ ಜಗಳ ತಪ್ಪಿಸಲು ವ್ಯತ್ಯಾಸಗಳನ್ನು ಉಳಿಸಿಕೊಂಡರು ಎಂದರೆ ವ್ಯತ್ಯಾಸಗಳೊಂದಿಗೆ ಬಾಳಬಹುದು ಎಂದು ಒಪ್ಪಿದಂತೆಯೇ ಆಯಿತಲ್ಲ. ಸುಮಾರು 400ರಲ್ಲಿ ಆಗಸ್ಟೀನ್ ಸುವಾರ್ತೆಗಳ ಹೊಂದಾಣಿಕೆಯ ಮೇಲೆ ನಾಲ್ಕು ಭಾಗಗಳ ಗ್ರಂಥ ಬರೆದು, ಬರೆದವರು ನೆನಪು ಬಂದ ಕ್ರಮದಲ್ಲಿ ಬರೆದರು, ಮಾತು ಬೇರೆಯಾದರೂ ಅಭಿಪ್ರಾಯ ಒಂದೇ ಎಂದ. ಅವನದು ಒರಿಗೆನನಷ್ಟು ಸಡಿಲ ನಿಲುವಲ್ಲ. ಗ್ರಂಥದಲ್ಲಿ ಸುಳ್ಳಿರಲು ಸಾಧ್ಯವೇ ಇಲ್ಲ ಎಂಬವನು ಅವನು. ಹಾಗಾಗಿ ಹಿಂದಿನವರೆಲ್ಲ ಉದಾರಿಗಳು, ಇಂದಿನವರೆಲ್ಲ ಹಟಮಾರಿಗಳು ಎಂದು ನಾನೇನೂ ಹೇಳುತ್ತಿಲ್ಲ. ಆದರೂ ಆ ಕಾಲದ ಸಭೆಗೆ ಸಂಪ್ರದಾಯ, ಬಿಷಪ್ಪರ ಪರಂಪರೆ, ಸಾಂಕೇತಿಕ ವ್ಯಾಖ್ಯಾನ ಎಂಬ ಬೇರೆ ಊರುಗೋಲುಗಳಿದ್ದವು. ಒಂದು ಅಂಕಿ ತಪ್ಪಿದರೆ ಎಲ್ಲ ಕುಸಿಯುವ ಸ್ಥಿತಿ ಇರಲಿಲ್ಲ.

ಆ ಸ್ಥಿತಿ ಬಂದದ್ದು 16ನೆಯ ಶತಮಾನದ ನಂತರ, ಗ್ರಂಥವೊಂದೇ ಪ್ರಮಾಣ ಎಂದ ಪ್ರೊಟೆಸ್ಟೆಂಟರ ಮೂಲಕ. ಭಾರವೆಲ್ಲ ಪುಸ್ತಕದ ಮೇಲೆ ಬಿತ್ತು. 1537ರಲ್ಲಿ ಲೂಥರನ್ ಪಂಡಿತ ಓಸಿಯಾಂಡರ್, ವಿವರ ಬೇರೆಯಾದರೆ ಘಟನೆಯೇ ಬೇರೆ ಎಂಬ ಹಟಕ್ಕೆ ಬಿದ್ದು ಯಾಯೀರನ ಮಗಳನ್ನು ಒಂದಕ್ಕಿಂತ ಹೆಚ್ಚು ಸಲ ಸಾಯಿಸಿ ಬದುಕಿಸಬೇಕಾಯಿತು. ಪಾಪದ ಹುಡುಗಿ! ಅತ್ತ ಮುದ್ರಣ ಬಂದು ಹಸ್ತಪ್ರತಿಗಳನ್ನು ಹೋಲಿಸುವುದು ಸುಲಭವಾಯಿತು. ತ್ರಿಯೇಕತ್ವಕ್ಕೆ ಆಧಾರವೆನ್ನುತ್ತಿದ್ದ ಯೋಹಾನನ ಮೊದಲ ಪತ್ರದ ಒಂದು ಮಾತು ಗ್ರೀಕ್ ಪ್ರತಿಗಳಲ್ಲಿ ಸಿಗದೆ ಎರಾಸ್ಮಸ್ 1516ರಲ್ಲಿ ಕೈಬಿಟ್ಟ, ಗದ್ದಲವೆದ್ದ ಮೇಲೆ 1522ರಲ್ಲಿ ಸೇರಿಸಿದ. 1707ರಲ್ಲಿ ಜಾನ್ ಮಿಲ್ ಹೊಸ ಒಡಂಬಡಿಕೆಯ ಸುಮಾರು 30,000 ಪಾಠಾಂತರಗಳನ್ನು ದಾಖಲಿಸಿದ. ಕ್ರೈಸ್ತ ವಿದ್ವಾಂಸರು ತಮ್ಮ ಗ್ರಂಥದ ಮೇಲಿನ ಗೌರವದಿಂದಲೇ ಮಾಡಿದ ಈ ಕೆಲಸ ಆಗ್ರಾದಲ್ಲಿ ಎದುರಾಳಿಯ ಬತ್ತಳಿಕೆ ಸೇರಿತು.

ಕನ್ನಡಕ್ಕೆ ಹತ್ತಿರದ ಒಂದು ಎಳೆಯೂ ಇಲ್ಲಿದೆ. ಫಾಂಡರನನ್ನು ರೂಪಿಸಿದ ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅದರ ಕಡೆಯಿಂದ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್, ಮಲಯಾಳಂ ನಿಘಂಟಿನ ಹರ್ಮನ್ ಗುಂಡರ್ಟ್ ಇಬ್ಬರೂ ಸ್ಟ್ರಾಸ್ ಪಾಠ ಹೇಳುತ್ತಿದ್ದ ಟ್ಯೂಬಿಂಗನ್ನಿನಲ್ಲಿ ಓದಿದವರು. ಗುಂಡರ್ಟನಂತೂ ಕೆಲಕಾಲ ಅವನ ಪ್ರಭಾವಕ್ಕೆ ಸಿಕ್ಕಿದ್ದವನು. ಆ ವಿಮರ್ಶೆಯ ಬಿಸಿಯನ್ನು ಯೌವನದಲ್ಲೇ ಕಂಡು, ಅದನ್ನು ದಾಟಿ ಭಾರತಕ್ಕೆ ಬಂದವರು ಅವರು. ಫಾಂಡರನಿಗೆ ಆ ಪೆಟ್ಟು ಆಗ್ರಾದಲ್ಲಿ, ಸಭೆಯ ನಡುವೆ ಬಿತ್ತು.

ಎಲ್ಲ ವಿರೋಧಗಳೂ ನಕಲುಗಾರರ ಕೈತಪ್ಪು, ಮೂಲಪ್ರತಿಯಲ್ಲಿ ಒಂದೂ ಇರಲಿಲ್ಲ ಎಂಬ ಉತ್ತರ ಇಂದಿಗೂ ಚಾಲ್ತಿಯಲ್ಲಿದೆ. 1881ರಲ್ಲಿ ಅಮೆರಿಕದ ಹಾಜ್ ಮತ್ತು ವಾರ್‌ಫೀಲ್ಡ್ ಅದಕ್ಕೆ ಖಚಿತ ರೂಪ ಕೊಟ್ಟರು, 1978ರ ಶಿಕಾಗೊ ಹೇಳಿಕೆ ಅದನ್ನೇ ಸಾರಿತು. ಅಹಜ್ಯನ 42ಕ್ಕೆ ಈ ಉತ್ತರ ಸರಿಹೊಂದುತ್ತದೆ; 22 ಬರೆಯಬೇಕಾದಲ್ಲಿ ಕೈ ಜಾರಿರಬಹುದು. ಆದರೆ ಯೇಸುವನ್ನು ಹಿಡಿದುಕೊಟ್ಟ ಯೂದನ ಸಾವು ಕೈಜಾರಿದ್ದಲ್ಲ. ಮತ್ತಾಯನಲ್ಲಿ ಅವನು ಬೆಳ್ಳಿನಾಣ್ಯಗಳನ್ನು ದೇವಾಲಯದಲ್ಲಿ ಬಿಸುಟು ಉರುಲು ಹಾಕಿಕೊಳ್ಳುತ್ತಾನೆ, ಆ ಹಣದಿಂದ ಹೊಲ ಕೊಳ್ಳುವವರು ಯಾಜಕರು. ಅಪೊಸ್ತಲರ ಕೃತ್ಯಗಳಲ್ಲಿ ಹೊಲ ಕೊಳ್ಳುವವನು ಯೂದನೇ, ಸಾಯುವುದು ತಲೆಕೆಳಗಾಗಿ ಬಿದ್ದು ಹೊಟ್ಟೆ ಒಡೆದು. ಹಗ್ಗ ಹರಿದು ಬಿದ್ದ ಎಂದು ಎರಡನ್ನೂ ಜೋಡಿಸುವವರಿದ್ದಾರೆ. ಹೊಲ ಕೊಂಡವರು ಯಾರು ಎಂಬುದಕ್ಕೆ ಹಗ್ಗದಲ್ಲಿ ಉತ್ತರವಿಲ್ಲ. ಹಾಗೆಯೇ ಯೇಸುವನ್ನು ಶಿಲುಬೆಗೇರಿಸಿದ್ದು ಮಾರ್ಕನಲ್ಲಿ ಪಸ್ಕದ ಊಟದ ನಂತರ, ಯೋಹಾನನಲ್ಲಿ ಅದಕ್ಕೆ ಮೊದಲು. ಇವು ಬೇರೆ ಬೇರೆ ನೆನಪುಗಳು, ಬೇರೆ ಬೇರೆ ಉದ್ದೇಶದ ನಿರೂಪಣೆಗಳು. ಇನ್ನು ಯಾರೂ ನೋಡದ ಮೂಲಪ್ರತಿಯನ್ನು ತಪ್ಪಿಲ್ಲದ್ದು ಎಂದು ಸಾರುವುದರಿಂದ ಕೈಯಲ್ಲಿರುವ ಪ್ರತಿಗೆ ಆಗುವ ಲಾಭ ಏನೂ ಇಲ್ಲ.

ಎದುರು ಪಕ್ಷಕ್ಕೂ ಒಂದು ಪ್ರಶ್ನೆ ಉಳಿದಿದೆ. ಪವಾಡಗಳನ್ನೇ ಅಲ್ಲಗಳೆದ ಸ್ಟ್ರಾಸನನ್ನು ಸಾಕ್ಷಿಗೆ ಕರೆದವರು, ಅದೇ ಒರೆಗಲ್ಲನ್ನು ತಮ್ಮ ಗ್ರಂಥಕ್ಕೆ ಹಚ್ಚಲು ಒಪ್ಪುತ್ತಿದ್ದರೇ? ಮಿಶನರಿಗಳ ಈ ದೂರು ನ್ಯಾಯವಾದದ್ದೇ. ಆದರೂ ವಿರೋಧಗಳ ಪಟ್ಟಿ ಮಾಡಿದವನ ನಿಯತ್ತು ಏನೇ ಇರಲಿ, ಪಟ್ಟಿಯಲ್ಲಿದ್ದುದು ನಿಜವಾದರೆ ನಿಜವೇ. ಅದರಿಂದ ಎಳೆಯುವ ತೀರ್ಮಾನ ಮಾತ್ರ ಬೇರೆಯಾಗಿರಬಹುದು. ನಮ್ಮಲ್ಲಿ ನ್ಯಾಯಸೂತ್ರಗಳು ವೇದದ ಮೇಲೆ ಸುಳ್ಳು, ವಿರೋಧ, ಪುನರುಕ್ತಿ ಎಂಬ ಮೂರು ಆರೋಪಗಳನ್ನು ತಾವೇ ಎತ್ತಿ ಉತ್ತರ ಕೊಡುತ್ತವೆ. ಎರಡು ವಿಧಿಗಳು ಎದುರುಬದುರಾದರೆ ಯಾವುದನ್ನಾದರೂ ಮಾಡಬಹುದು, ಅದು ವಿಕಲ್ಪ ಎಂದು ಮೀಮಾಂಸಕರು ದಾರಿ ತೆಗೆದರು. ಆಗ್ರಾದ ಇಬ್ಬರಿಗೂ ಅಂಥ ದಾರಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

1857ರ ದಂಗೆಯ ಬಳಿಕ ರಹಮತುಲ್ಲಾ ಮತ್ತು ವಜೀರ್ ಖಾನ್ ಮಕ್ಕಾಕ್ಕೆ ಪಾರಾದರು; ಬ್ರಿಟಿಷರು ಮೌಲವಿಯ ಆಸ್ತಿಯನ್ನು ಹರಾಜು ಹಾಕಿದರು. ಪೇಶಾವರದಲ್ಲಿದ್ದ ಫಾಂಡರ್ 1858ರಲ್ಲಿ ಕಾನ್‌ಸ್ಟಾಂಟಿನೋಪಲಿಗೆ ಹೋದ. ಆರು ವರ್ಷಗಳ ಮೇಲೆ ಸುಲ್ತಾನನ ಕರೆಯಂತೆ ರಹಮತುಲ್ಲಾ ಅದೇ ನಗರಕ್ಕೆ ಬಂದು, ಆಗ್ರಾದ ವಾದವನ್ನು ಬೆಳೆಸಿ ‘ಇಜ್‌ಹಾರ್ ಅಲ್ ಹಕ್’ ಎಂಬ ಅರಬ್ಬಿ ಗ್ರಂಥ ಬರೆದರು. ಅಹಜ್ಯನೂ ಅವನ ಅಪ್ಪನೂ ಅದರೊಳಗೆ ಸೇರಿದರು. ಅದರ ಇಂಗ್ಲಿಷ್ ಅನುವಾದ ದಕ್ಷಿಣ ಆಫ್ರಿಕಾದ ಡರ್ಬನ್ ಹತ್ತಿರದ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದ ಗುಜರಾತಿ ಮೂಲದ ಯುವಕ ಅಹ್ಮದ್ ದೀದಾತನ ಕೈಗೆ ಸಿಕ್ಕಿತು. 1986ರಲ್ಲಿ ಅವನು ಅಮೆರಿಕದ ಲೂಯಿಸಿಯಾನಾದಲ್ಲಿ ಟೀವಿ ಪ್ರಚಾರಕ ಜಿಮ್ಮಿ ಸ್ವಾಗರ್ಟ್ ಎದುರು ಬೈಬಲ್ ದೇವರ ವಾಕ್ಯವೇ ಎಂದು ವಾದಕ್ಕೆ ನಿಂತ. ಅದೇ ಪ್ರಶ್ನೆಯ ಮೇಲಿನ ಅವನ ಕಿರುಹೊತ್ತಗೆಯಲ್ಲಿ ಸೊಲೊಮೋನನಿಗೆ 4,000 ಕುದುರೆಲಾಯಗಳಿದ್ದವೋ 40,000ವೋ ಎಂಬ ತಕರಾರೂ ಇತ್ತು.