ಆಕ್ಟಿವ್ ಕ್ರಾಸ್‌ಓವರ್

ಆಕ್ಟಿವ್ ಕ್ರಾಸ್‌ಓವರ್: ಆಡಿಯೊ ಸಿಗ್ನಲ್ ಆಂಪ್ಲಿಫೈಯರ್ ಸೇರುವ ಮುಂಚೆಯೇ ಅದನ್ನು ಮಂದ್ರ, ತಾರ ಎಂದು ಬೇರ್ಪಡಿಸುವ ಸರ್ಕ್ಯೂಟ್. ಮಂದ್ರದ ವೂಫರ್‌ಗೊಂದು, ತಾರದ ಟ್ವೀಟರ್‌ಗೊಂದು ಪ್ರತ್ಯೇಕ ಆಂಪ್ಲಿಫೈಯರ್ ಬೇಕು. ಸ್ಪೀಕರ್ ಪೆಟ್ಟಿಗೆಯೊಳಗಿನ ಮಾಮೂಲಿ ಕಾಯಿಲ್-ಕೆಪಾಸಿಟರ್ ಕ್ರಾಸ್‌ಓವರ್ ಇದೇ ಕೆಲಸವನ್ನು ಆಂಪ್ಲಿಫೈಯರ್ ದಾಟಿದ ಮೇಲೆ ಮಾಡುತ್ತದೆ.

ಮಾರ್ಕೋನಹಳ್ಳಿ, ಎಡೆಯೂರು, ಗುಬ್ಬಿ ಸೀಮೆಯ ಜಾತ್ರೆ, ಪೌರಾಣಿಕ ನಾಟಕಗಳಿಗೆ ಪೆಟ್ಟಿಗೆ ಜೋಡಿಸುವವರಿಗೆ ಇದು ತೀರಾ ಹೊಸದೇನಲ್ಲ. ಬೇಸ್‌ಗೂ ಟಾಪ್‌ಗೂ ಬೇರೆ ಬೇರೆ ಆಂಪ್ಲಿಫೈಯರ್ ಕೊಟ್ಟರೆ ಮುಂದೊಂದು ಕ್ರಾಸ್‌ಓವರ್ ಇರಲೇಬೇಕು. ಅಸೆಂಬಲ್ ಮಾಡಿದ ಹೋಮ್ ಥಿಯೇಟರ್‌ಗಳಲ್ಲಿ 4558 ಐಸಿಯ ಸಬ್‌ವೂಫರ್ ಬೋರ್ಡ್ ಇರುತ್ತದಲ್ಲ, ಅದು ಆಕ್ಟಿವ್ ಕ್ರಾಸ್‌ಓವರಿನ ಅರ್ಧ ಭಾಗವೇ.

ಹೀಗೆ ಮಾಡಿದರೆ ಲಾಭವೇನು? ವೂಫರ್ ನೇರವಾಗಿ ಆಂಪ್ಲಿಫೈಯರ್‌ಗೆ ಸೇರುವುದರಿಂದ ವೂಫರ್ ಮೇಲೆ ಅದರ ಹಿಡಿತ ಬಿಗಿಯಾಗುತ್ತದೆ. ಸ್ಪೀಕರಿನ ಓಂ ಏರಿಳಿದರೂ ಫಿಲ್ಟರಿನ ಲೆಕ್ಕ ತಪ್ಪುವುದಿಲ್ಲ. ಟ್ವೀಟರ್ ಜೋರಾದರೆ ರೆಸಿಸ್ಟರ್ ಕಾಯಿಸಬೇಕಿಲ್ಲ, ವಾಲ್ಯೂಮ್ ತಿರುಗಿಸಿದರೆ ಸಾಕು. ಆಂಪ್ಲಿಫೈಯರ್ ಖರ್ಚು ಇಮ್ಮಡಿಯಾಗುತ್ತದೆ ಎನ್ನುವುದೂ ನಿಜ.

ಹೊಸಬರಿಗೆ ಒಪ್ಪುವುದು ಲಿಂಕ್ವಿಟ್ಜ್-ರೈಲಿ ಮಾದರಿ. ಹ್ಯೂಲೆಟ್-ಪ್ಯಾಕರ್ಡ್‌ನ ಎಂಜಿನಿಯರ್ ಸೀಗ್‌ಫ್ರೀಡ್ ಲಿಂಕ್ವಿಟ್ಜ್ 1976ರಲ್ಲಿ ಇದನ್ನು ಪ್ರಕಟಿಸಿದರು. ರಸ್ ರೈಲಿ ಅವರ ಸಹೋದ್ಯೋಗಿ. ಆವೃತ್ತಿ ದುಪ್ಪಟ್ಟಾದಾಗಲೆಲ್ಲ 24 ಡೆಸಿಬೆಲ್ ಇಳಿಯುವ ಇದರಲ್ಲಿ, ಸಂಧಿಸುವ ಬಿಂದುವಿನಲ್ಲಿ ಎರಡೂ ಭಾಗ 6 ಡೆಸಿಬೆಲ್ ತಗ್ಗಿರುತ್ತವೆ. ಕೂಡಿದಾಗ ಮಟ್ಟ ಸಮ. ಎರಡೂ ಸ್ಪೀಕರ್ ಒಂದೇ ಪೊಲಾರಿಟಿಯಲ್ಲಿರಬೇಕು. 12 ಡೆಸಿಬೆಲ್ ಮಾದರಿಯಾದರೆ ಒಂದನ್ನು ತಿರುಗಿಸಿ ಕೊಡಬೇಕು. ಸಂಧಿ ಕೆಟ್ಟರೆ ಮೊದಲು ಹಾಳಾಗುವುದು ಮಾತಿನ ಸ್ಪಷ್ಟತೆ. ಮಾತು ತಿಳಿಯಲು ಮುಖ್ಯವಾದ ಸದ್ದು 2000 ಹರ್ಟ್ಸ್‌ನ ಆಚೀಚೆಯೂ ಇರುತ್ತದೆ.

ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. 10 ಕಿಲೊ ಓಂ ರೆಸಿಸ್ಟರ್ ಮತ್ತು 4.7 ನ್ಯಾನೊಫ್ಯಾರಡ್ ಕೆಪಾಸಿಟರ್, ಇವೆರಡೇ ಮೌಲ್ಯದ ಭಾಗಗಳಿಂದ ಇಡೀ ಫಿಲ್ಟರ್ ಕಟ್ಟಬಹುದು. ವೂಫರ್ ಕಡೆ ಫೀಡ್‌ಬ್ಯಾಕ್ ಜಾಗದಲ್ಲಿ ಎರಡು ಕೆಪಾಸಿಟರ್ ಪ್ಯಾರಲಲ್. ಟ್ವೀಟರ್ ಕಡೆ ಗ್ರೌಂಡಿಗೆ ಹೋಗುವ ಜಾಗದಲ್ಲಿ ಎರಡು ರೆಸಿಸ್ಟರ್ ಸೀರೀಸ್. ಸಂಧಿ ಸುಮಾರು 2400 ಹರ್ಟ್ಸ್‌ಗೆ ಬೀಳುತ್ತದೆ. ಇಂಥ ಎರಡು ಹಂತ ಸಾಲಾಗಿಟ್ಟರೆ 24 ಡೆಸಿಬೆಲ್. ಒಂದು ಎನ್‌ಇ5532 ಐಸಿಯಲ್ಲಿ ಎರಡು ಆಪ್‌ಆಂಪ್ ಇರುವುದರಿಂದ ಪ್ರತಿ ಕಡೆಗೂ ಒಂದೇ ಐಸಿ ಸಾಕು. ಇದೇ ಕೆಲಸವನ್ನು ಡಿಜಿಟಲ್ ಆಗಿ ಮಾಡುವ ಡಿಎಸ್‌ಪಿ ಪೆಟ್ಟಿಗೆ ಕೊಂಡರೆ ಈ ಬೆಸುಗೆಯೇ ಬೇಡ. ಆದರೆ ಒಮ್ಮೆ ಕೈಯಾರೆ ಕಟ್ಟಿದವರಿಗೆ ಅದರ ಸೆಟ್ಟಿಂಗ್‌ಗಳು ಬೇಗ ಅರ್ಥವಾಗುತ್ತವೆ.

ಟ್ವೀಟರ್ ಈಗ ಆಂಪ್ಲಿಫೈಯರ್‌ಗೆ ನೇರ ಒಡ್ಡಿಕೊಂಡಿರುತ್ತದೆ. ಸ್ವಿಚ್ ಹಾಕಿದಾಗ ಬರುವ 'ಧಡ್' ಸದ್ದಿಗೆ ಸುಟ್ಟೀತು. 8 ಓಂ ಟ್ವೀಟರ್‌ಗೆ 22 ಮೈಕ್ರೊಫ್ಯಾರಡ್‌ನ ನಾನ್‌ಪೋಲಾರ್ ಕೆಪಾಸಿಟರ್ ಸೀರೀಸ್‌ನಲ್ಲಿ ಹಾಕಿ. ಮೊದಲ ಸಲ ಆನ್ ಮಾಡುವಾಗ ಟ್ವೀಟರ್ ಜಾಗದಲ್ಲಿ ಹಳೆಯ ಸ್ಪೀಕರೊಂದನ್ನು ಕೊಟ್ಟು, ವೈರ್ ಅದಲುಬದಲಾಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.