ತಲಪಾಡಿಯ 72 ಗಂಟೆ: ನೆಗೆಟಿವ್ ವರದಿಯ ಖರ್ಚು ಮತ್ತು ಕಾಸರಗೋಡಿನ ದಿನನಿತ್ಯದ ಪ್ರಯಾಣಿಕರು

ಗಡಿನಾಡು ಅಂದ ಕೂಡಲೇ ನಾವು ಸಾಮಾನ್ಯವಾಗಿ ಶಾಲೆ, ಭಾಷೆ, ನಾಮಫಲಕ ಇವುಗಳ ಬಗ್ಗೆ ಮಾತಾಡ್ತೇವೆ. ನಾನು ಇವತ್ತು ಒಂದು ಕಾಗದದ ಬಗ್ಗೆ ಹೇಳಬೇಕು ಅಂತ ಇದ್ದೇನೆ. 2021ರಲ್ಲಿ ನಮ್ಮ ಊರಿನವರ ಮೊಬೈಲಿನಲ್ಲಿ, ಕಿಸೆಯಲ್ಲಿ ಇದ್ದ ಕಾಗದ ಅದು: ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ. ಅದಕ್ಕೆ ನಿಜವಾಗಿ ಎಷ್ಟು ಖರ್ಚಾಯಿತು, ಯಾರಿಗೆ ಆಯಿತು, ಕಡಿಮೆ ಖರ್ಚಿನಲ್ಲಿ ಮುಗಿಸುವ ದಾರಿ ಇತ್ತೇ ಎಂಬುದು ನನ್ನ ಪ್ರಶ್ನೆ.

ನನ್ನ ಮನೆ ಕುಂಬಳೆ ಹತ್ತಿರ. ಆ ವರ್ಷ ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಹಾಗಾಗಿ ಇದು ಪೂರ್ತಿ ಹೊರಗಿನಿಂದ ನೋಡಿ ಬರೆದ ಚರಿತ್ರೆ ಅಲ್ಲ. ಅದನ್ನು ಮೊದಲೇ ಹೇಳಿಬಿಡ್ತೇನೆ.

ಹಡಗಿನ ಕಾಗದ

ಪ್ರಯಾಣಕ್ಕೆ ಮೊದಲು ಆರೋಗ್ಯದ ಪುರಾವೆ ಕೇಳುವ ಪದ್ಧತಿ ಹುಟ್ಟಿದ್ದು ಬಂದರುಗಳಲ್ಲಿ. 1377ರಲ್ಲಿ ಏಡ್ರಿಯಾಟಿಕ್ ಸಮುದ್ರತೀರದ ರಗೂಸಾ, ಅಂದರೆ ಇವತ್ತಿನ ಡುಬ್ರೊವ್ನಿಕ್, ಪ್ಲೇಗ್ ಇರುವ ಊರಿನಿಂದ ಬಂದವರು 30 ದಿನ ಹೊರಗೇ ಇರಬೇಕು ಅಂತ ನಿಯಮ ಮಾಡಿತು. 1423ರಲ್ಲಿ ವೆನಿಸ್ ತನ್ನ ಹತ್ತಿರದ ದ್ವೀಪವೊಂದರಲ್ಲಿ ಪ್ಲೇಗ್ ಆಸ್ಪತ್ರೆ ಕಟ್ಟಿತು. ಮುಂದೆ ಹಡಗುಗಳು ತಾವು ಹೊರಟ ಬಂದರಿನಲ್ಲಿ ರೋಗ ಇಲ್ಲ ಎಂಬ ಪತ್ರ ಹಿಡಿದುಕೊಂಡು ಬರುವುದು ರೂಢಿಯಾಯಿತು. ಪತ್ರ ಶುದ್ಧ ಇದ್ದರೆ ಒಳಗೆ, ಇಲ್ಲದಿದ್ದರೆ ಲಂಗರು ಹಾಕಿ ಕಾಯಬೇಕು.

ಈ ಪದ್ಧತಿಯ ಒಂದು ಲಕ್ಷಣ ಗಮನಿಸಿ. ಹಡಗು ಬರುವುದು ಅಪರೂಪಕ್ಕೆ. ತಿಂಗಳುಗಟ್ಟಲೆಯ ಪ್ರಯಾಣಕ್ಕೆ ಒಂದು ಪತ್ರ ಸಾಕು. ಅದರ ಖರ್ಚು ಇಡೀ ಸರಕಿನ ಮೇಲೆ ಹಂಚಿಹೋಗ್ತದೆ.

ಕೋವಿಡ್ ಕಾಲದಲ್ಲಿ ಇದೇ ಪದ್ಧತಿ ಕ್ರೂಸ್ ಹಡಗುಗಳಿಗೆ ವಾಪಸು ಬಂತು. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ನಿಂತ ಡೈಮಂಡ್ ಪ್ರಿನ್ಸೆಸ್ ಹಡಗಿನ 3,711 ಜನರಲ್ಲಿ 712 ಮಂದಿಗೆ ಸೋಂಕು ತಗಲಿತು. ಆಮೇಲೆ ಹಡಗುಗಳು ಮತ್ತೆ ಹೊರಟಾಗ, ಹತ್ತುವ ಮೊದಲು ಎರಡು ಮೂರು ದಿನದೊಳಗಿನ ಪರೀಕ್ಷೆ ಕಡ್ಡಾಯವಾಯಿತು. ಅಮೆರಿಕದಿಂದ ಹೊರಡುವ ಹಲವು ಹಡಗುಗಳು ಮನೆಯಲ್ಲೇ ಮಾಡಿಕೊಳ್ಳುವ ಅಗ್ಗದ ಆಂಟಿಜೆನ್ ಪರೀಕ್ಷೆಯನ್ನೂ ಒಪ್ಪಿಕೊಂಡವು. ವಿಡಿಯೊ ಕರೆಯಲ್ಲಿ ಒಬ್ಬರು ನೋಡುತ್ತಾ ಇರಬೇಕು, ಅಷ್ಟೇ. ವಿಹಾರಕ್ಕೆ ಹೋಗುವವರಿಗೆ ಖರ್ಚು ಕಡಿಮೆ ಮಾಡುವ ದಾರಿ ಹೀಗೆ ಸಿಕ್ಕಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಇದಕ್ಕೆ ವಾಪಸು ಬರ್ತೇನೆ.

ಗಡಿಗೆ ಬಂದ ಕಾಗದ

ನೆಲದ ದಾರಿಯಲ್ಲಿ ಈ ಕಾಗದ ನಮಗೆ ಹೊಸತಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೇ ಪ್ಲೇಗ್ ಬಂತು. ಮದ್ರಾಸ್ ಪ್ರಾಂತ್ಯದಲ್ಲಿ ಸೋಂಕಿನ ಪ್ರದೇಶದಿಂದ ಬರುವವರಿಗೆ 'ಪ್ಲೇಗ್ ಪಾಸ್‌ಪೋರ್ಟ್' ಕೊಡ್ತಿದ್ದರು; ತಲುಪಿದ ಊರಿನಲ್ಲಿ ಹಲವು ದಿನ ಅಧಿಕಾರಿಯ ಮುಂದೆ ಹಾಜರಾಗಬೇಕಿತ್ತು. ಆಗ ಕಾಸರಗೋಡು ಅದೇ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಅಂದರೆ ಮಂಗಳೂರಿಗೂ ಕಾಸರಗೋಡಿಗೂ ನಡುವೆ ಗೆರೆ ಇರಲಿಲ್ಲ. ಪೇಟೆ, ಕೋರ್ಟು, ಆಸ್ಪತ್ರೆ ಎಲ್ಲದಕ್ಕೂ ಮಂಗಳೂರೇ.

1956ರ ನವೆಂಬರ್ 1ರಂದು ಗೆರೆ ಬಂತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಅಂತ ಮಹಾಜನ ಆಯೋಗ 1967ರಲ್ಲಿ ಹೇಳಿದ್ದು, ಅದು ಕಾಗದದಲ್ಲೇ ಉಳಿದದ್ದು ನಿಮಗೆಲ್ಲ ಗೊತ್ತು. ನನ್ನ ವಾದಕ್ಕೆ ಬೇಕಾದದ್ದು ಇಷ್ಟು: ಆಡಳಿತದ ಗೆರೆ ಬದಲಾದರೂ ಜನರ ಕಾಲು ಹೋಗುವ ದಿಕ್ಕು ಬದಲಾಗಲಿಲ್ಲ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಮಂಜೇಶ್ವರದವರಿಗೆ ಇನ್ನೂ ಹತ್ತಿರ. ತಿರುವನಂತಪುರ ಇರುವುದು ಕೇರಳದ ಇನ್ನೊಂದು ತುದಿಯಲ್ಲಿ. ಉಕ್ಕಿನಡ್ಕದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ 2013ರಲ್ಲೇ ಶಂಕುಸ್ಥಾಪನೆ ಆಗಿದ್ದರೂ ಅಲ್ಲಿ ರೋಗಿಗಳನ್ನು ಸೇರಿಸಿಕೊಳ್ಳಲು ಶುರುಮಾಡಿದ್ದು 2020ರ ಏಪ್ರಿಲ್‌ನಲ್ಲಿ, ಕೋವಿಡ್ ಆಸ್ಪತ್ರೆಯಾಗಿ. ಅಲ್ಲಿಯವರೆಗೆ ಡಯಾಲಿಸಿಸ್, ಹೃದಯ, ಹೆರಿಗೆಯ ತೊಂದರೆ ಅಂದ್ರೆ ಮಂಗಳೂರಿನ ದಾರಿ ಹಿಡಿಯುವುದೇ.

2020ರ ಮಾರ್ಚಿನಲ್ಲಿ ಆ ದಾರಿಗೆ ಮಣ್ಣು ಸುರಿದರು. ಚಿಕಿತ್ಸೆಗೆ ಮಂಗಳೂರು ತಲುಪಲಾಗದೆ ರೋಗಿಗಳು ಸತ್ತ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ದಾರಿ ತೆರೆಸಲು ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ರಂದು ಎರಡು ರಾಜ್ಯಗಳ ಒಪ್ಪಂದದಲ್ಲಿ ಮುಗಿಯಿತು. ವೈದ್ಯಕೀಯ ಪತ್ರ ಇದ್ದ ರೋಗಿಗೆ ತಪಾಸಣೆ ಮಾಡಿ ದಾರಿ ಬಿಡುವುದು ಅಂತಾಯಿತು. ಹೀಗೆ ತಲಪಾಡಿಗೆ ಕಾಗದ ಬಂತು.

ನಿಯಮ ಮತ್ತು ದರ

2021ರ ಫೆಬ್ರವರಿಯಲ್ಲಿ ಕರ್ನಾಟಕ, ಕೇರಳದಿಂದ ಬರುವವರಿಗೆ 72 ಗಂಟೆಯೊಳಗಿನ ನೆಗೆಟಿವ್ ವರದಿ ಕಡ್ಡಾಯ ಮಾಡಿತು. ತಲಪಾಡಿಯಲ್ಲಿ ಪ್ರತಿಭಟನೆ ಆಯಿತು, ಕರ್ನಾಟಕ ಹೈಕೋರ್ಟಿಗೆ ಅರ್ಜಿ ಹೋಯಿತು. ಆಗಸ್ಟ್ 1ರಿಂದ ನಿಯಮ ಇನ್ನಷ್ಟು ಬಿಗಿಯಾಯಿತು: ಲಸಿಕೆ ಎರಡೂ ಹಾಕಿಸಿಕೊಂಡಿದ್ದರೂ ವರದಿ ಬೇಕು. ಕಾಸರಗೋಡು–ಮಂಗಳೂರು ಬಸ್ಸು ನಿಂತಿತು. ಈಚೆಯ ಬಸ್ಸಿನಿಂದ ಇಳಿದು, ನಡೆದು, ಆಚೆಯ ಬಸ್ಸು ಹತ್ತಬೇಕು. ನಿಯಮ ಹಿಂತೆಗೆದದ್ದು 2022ರ ಫೆಬ್ರವರಿಯಲ್ಲಿ.

ಕರ್ನಾಟಕದ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. 2021ರ ಜುಲೈ ಕೊನೆಯಲ್ಲಿ ದೇಶದ ದಿನದ ಹೊಸ ಪ್ರಕರಣಗಳಲ್ಲಿ ಸುಮಾರು ಅರ್ಧ ಕೇರಳದ್ದೇ. ಹಾಗಾಗಿ ಪರೀಕ್ಷೆ ಬೇಕಿತ್ತೇ ಎಂಬುದನ್ನು ಬಿಡೋಣ, ಹೇಗೆ ಕೇಳಿದರು ಎಂಬುದನ್ನು ನೋಡೋಣ.

ದರಗಳು ಹೀಗಿದ್ದವು. 2020ರ ಮಾರ್ಚಿನಲ್ಲಿ ಖಾಸಗಿ ಪ್ರಯೋಗಾಲಯಕ್ಕೆ ಕೇಂದ್ರದ ಮಿತಿ 4,500 ರೂಪಾಯಿ. ಕೇರಳದಲ್ಲಿ 2021ರ ಆರಂಭದಲ್ಲಿ 1,700; ಏಪ್ರಿಲ್ ಕೊನೆಗೆ ಸರ್ಕಾರ ಅದನ್ನು 500ಕ್ಕೆ ಇಳಿಸಿತು. 2022ರ ಫೆಬ್ರವರಿಯಲ್ಲಿ 300. ಪತ್ರಿಕೆಗಳಲ್ಲಿ ಚರ್ಚೆ ನಡೆದದ್ದು ಹೆಚ್ಚಾಗಿ ಈ ದರದ ಮೇಲೆ. 500 ಆದಾಗ ನಾವೂ ಸಂತೋಷ ಪಟ್ಟೆವು. ಆದ್ರೆ ಲೆಕ್ಕ ಹಾಕಿದಾಗ ಬೇರೆಯೇ ಕಾಣ್ತದೆ.

ಒಂದು ಸಣ್ಣ ಲೆಕ್ಕ

ವಾರಕ್ಕೆ ಆರು ದಿನ ಗಡಿ ದಾಟುವ ಒಬ್ಬರನ್ನು ತಗೊಳ್ಳಿ. 72 ಗಂಟೆ ಅಂದ್ರೆ ಮೂರು ದಿನ; ವಾರಕ್ಕೆ ಎರಡು ಪರೀಕ್ಷೆ, ತಿಂಗಳಿಗೆ ಸುಮಾರು 9. ತಲಾ 500 ಅಂದರೂ 4,500 ರೂಪಾಯಿ. ಹಳೆಯ 1,700ರ ದರದಲ್ಲಿ 15,300.

ಈಗ ಅವಧಿ ಬದಲಾಯಿಸಿ. ಸರ್ಕಾರದ ಸುತ್ತೋಲೆಯಲ್ಲೇ, ಶಿಕ್ಷಣ, ವ್ಯಾಪಾರಕ್ಕೆ ದಿನಾ ಬಂದು ಹೋಗುವವರಿಗೆ 15 ದಿನಕ್ಕೊಮ್ಮೆ ಪರೀಕ್ಷೆ ಸಾಕು ಎಂಬ ರಿಯಾಯಿತಿ ಇತ್ತು. ಹಾಗಾದರೆ ತಿಂಗಳಿಗೆ 2 ಪರೀಕ್ಷೆ. 500ರ ದರದಲ್ಲಿ 1,000 ರೂಪಾಯಿ. ಹಳೆಯ ದುಬಾರಿ ದರದಲ್ಲೇ ಮಾಡಿಸಿದರೂ 3,400.

ಇಲ್ಲಿ ಒಂದು ನಿಮಿಷ ನಿಲ್ಲಿ. ದುಬಾರಿ ದರ ಮತ್ತು ಉದ್ದ ಅವಧಿ ಸೇರಿದರೆ 3,400. ಅಗ್ಗದ ದರ ಮತ್ತು ಗಿಡ್ಡ ಅವಧಿ ಸೇರಿದರೆ 4,500. ಬಡವನ ಖರ್ಚನ್ನು ನಿರ್ಧರಿಸಿದ್ದು ಪ್ರಯೋಗಾಲಯದ ಫಲಕದ ಮೇಲಿನ ದರಕ್ಕಿಂತ ಹೆಚ್ಚಾಗಿ ವರದಿಯ ಆಯುಸ್ಸು. ಅದರ ಮೇಲೆ, ಬೆಳಿಗ್ಗೆ ಮಾದರಿ ಕೊಟ್ಟರೆ ವರದಿ ಬರುವುದು ಮರುದಿನ. ಮಾದರಿ ಕೊಟ್ಟ ಹೊತ್ತಿನಿಂದ ಎಣಿಸಿದರೆ ಕೈಯಲ್ಲಿ ಉಳಿಯುವುದು 48 ಗಂಟೆ.

ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆಗೆ ಹಣ ಇರಲಿಲ್ಲ, ನಿಜ. ಆದ್ರೆ ಅಲ್ಲಿ ಸರತಿ ಇತ್ತು, ವರದಿಗೆ ಕಾಯಬೇಕಿತ್ತು. ದಿನಗೂಲಿಯವರಿಗೆ ಅರ್ಧ ದಿನ ಹೋಯಿತು ಅಂದ್ರೆ ಆ ದಿನದ ಕೂಲಿಯೇ ಹೋಯಿತು. ಉಚಿತ ಪರೀಕ್ಷೆಯ ಬೆಲೆ ಅದು.

'ದಿನಾ ಬಂದು ಹೋಗುವವರು' ಯಾರು?

ಹಾಗಾದ್ರೆ 15 ದಿನದ ರಿಯಾಯಿತಿ ಇತ್ತಲ್ಲ, ತೊಂದರೆ ಏನು? ಚರ್ಚೆಯಲ್ಲಿ ಈ ಪ್ರಶ್ನೆ ಖಂಡಿತ ಬರ್ತದೆ, ಹಾಗಾಗಿ ಈಗಲೇ ಹೇಳ್ತೇನೆ.

ನನ್ನ ಕುತ್ತಿಗೆಯಲ್ಲಿ ಕಾಲೇಜಿನ ಗುರುತಿನ ಚೀಟಿ ಇತ್ತು. ಅದನ್ನು ತೋರಿಸಿದರೆ ನಾನು 'ದಿನನಿತ್ಯದ ಪ್ರಯಾಣಿಕ'. ನನ್ನ ವಿದ್ಯಾರ್ಥಿಗಳೂ ಹಾಗೆಯೇ, ಆಸ್ಪತ್ರೆಯ ದಾದಿಯರೂ ಹಾಗೆಯೇ. ನಮ್ಮ ಪಕ್ಕದ ಮನೆಯ ಹೆಂಗಸು ತೊಕ್ಕೊಟ್ಟಿನಲ್ಲಿ ಎರಡು ಮನೆಗೆಲಸಕ್ಕೆ ಹೋಗ್ತಿದ್ದರು, ನನಗಿಂತ ಹೆಚ್ಚು ವರ್ಷದಿಂದ, ನನಗಿಂತ ಹೆಚ್ಚು ದಿನ. ಅವರಿಗೆ ಗುರುತಿನ ಚೀಟಿ ಕೊಡುವವರು ಯಾರು? ಮೀನು ಮಾರುವವರಿಗೆ, ಗಾರೆ ಕೆಲಸದವರಿಗೆ, ಅಡಿಕೆ ಸುಲಿಯಲು ಹೋಗುವವರಿಗೆ ಯಾರು ಕೊಡ್ತಾರೆ? ನಾನು ಕಂಡ ಹಾಗೆ, ಅವರ ಪಾಲಿಗೆ ಬಂದದ್ದು 72 ಗಂಟೆಯೇ. ಒಂದೇ ಗಡಿ, ಒಂದೇ ಪರೀಕ್ಷೆ; ಸಂಬಳ ಇದ್ದ ನನಗೆ ತಿಂಗಳಿಗೆ 1,000, ಅವರಿಗೆ 4,500. ಎರಡು ವಾರ ಪ್ರಯತ್ನ ಮಾಡಿ ಅವರು ಕೆಲಸ ಬಿಟ್ಟರು. 'ಮಾಷ್ಟ್ರೆ, ಮೂಗಿಗೆ ಕಡ್ಡಿ ಹಾಕಿಸ್ಲಿಕ್ಕೆ ದುಡಿಯುದಾ ನಾನು?' ಅಂತ ಕೇಳಿದ್ದು ಇನ್ನೂ ನೆನಪುಂಟು.

ನಿಯಮ ಮಾಡಿದವರ ಮನಸ್ಸಿನಲ್ಲಿ ಇದ್ದ ಪ್ರಯಾಣಿಕ ಹಡಗಿನ ಪ್ರಯಾಣಿಕನೇ: ಒಮ್ಮೆ ಬರುವವನು, ಕಾಗದ ಇರುವವನು. ಗಡಿನಾಡಿನಲ್ಲಿ ಪ್ರಯಾಣ ಅಂದ್ರೆ ಬದುಕಿನ ದಿನಚರಿ. ಜತ್ತದವರು ಅಥಣಿಗೆ, ಅಕ್ಕಲಕೋಟೆಯವರು ಆಳಂದಕ್ಕೆ, ವಯನಾಡಿನವರು ಬಾವಲಿ ದಾಟಿ ಎಚ್.ಡಿ. ಕೋಟೆ ಕಡೆಗೆ ಹೋಗುವುದನ್ನೂ ಇದೇ ರೀತಿ ನೋಡಬೇಕು ಅನಿಸ್ತದೆ.

ಬೇರೆ ದಾರಿ ಇತ್ತೇ?

ಎರಡು ದಾರಿ ಹೇಳ್ತೇನೆ. ಒಂದು, ಹಲವರ ಮಾದರಿಯನ್ನು ಸೇರಿಸಿ ಒಂದೇ ಪರೀಕ್ಷೆ ಮಾಡುವುದು. 1943ರಲ್ಲಿ ರಾಬರ್ಟ್ ಡಾರ್ಫ್‌ಮನ್ ಅಮೆರಿಕದ ಸೈನಿಕರ ಸಿಫಿಲಿಸ್ ಪರೀಕ್ಷೆಗೆ ಸೂಚಿಸಿದ ಉಪಾಯ ಇದು. ಐವರ ಮಾದರಿ ಒಟ್ಟಿಗೆ. ನೆಗೆಟಿವ್ ಬಂದರೆ ಐವರೂ ಪಾಸು, ಪಾಸಿಟಿವ್ ಬಂದರೆ ಮಾತ್ರ ಒಬ್ಬೊಬ್ಬರದ್ದು. ನೂರಕ್ಕೆ ಇಬ್ಬರಿಗೆ ಸೋಂಕು ಇದ್ದರೆ 100 ಜನರಿಗೆ ಸರಾಸರಿ 30 ಪರೀಕ್ಷೆ ಸಾಕು. ಐಸಿಎಂಆರ್ 2020ರ ಏಪ್ರಿಲ್‌ನಲ್ಲೇ ಇದಕ್ಕೆ ಮಾರ್ಗಸೂಚಿ ಕೊಟ್ಟಿತ್ತು. ಆದ್ರೆ ಸೋಂಕಿನ ಪ್ರಮಾಣ ಶೇ. 5ಕ್ಕಿಂತ ಹೆಚ್ಚಿದ್ದಲ್ಲಿ ಬೇಡ ಅಂದಿತ್ತು. 2021ರ ಆಗಸ್ಟಿನ ಕೇರಳದಲ್ಲಿ ಪ್ರಮಾಣ ಶೇ. 10 ದಾಟಿತ್ತು. ಆ ಬಾಗಿಲು ಮುಚ್ಚಿತ್ತು ಅಂತಲೇ ಒಪ್ಪಬೇಕು.

ಎರಡನೆಯದು ಆಂಟಿಜೆನ್ ಪರೀಕ್ಷೆ. ಐಸಿಎಂಆರ್ 2020ರ ಜೂನ್‌ನಲ್ಲಿ ಅದನ್ನು ಒಪ್ಪಿತ್ತು. 2021ರ ಮೇ ತಿಂಗಳಲ್ಲಿ ಮನೆಯಲ್ಲೇ ಮಾಡಿಕೊಳ್ಳುವ ಕೋವಿಸೆಲ್ಫ್ ಕಿಟ್‌ಗೂ ಒಪ್ಪಿಗೆ ಸಿಕ್ಕಿತು, ಬೆಲೆ 250 ರೂಪಾಯಿ. ಆಂಟಿಜೆನ್ ಕೆಲವು ಸೋಂಕನ್ನು ತಪ್ಪಿಸಿಬಿಡ್ತದೆ, ಆರ್‌ಟಿ-ಪಿಸಿಆರ್‌ನಷ್ಟು ಸೂಕ್ಷ್ಮ ಅಲ್ಲ. ಆದ್ರೆ ಅದು ಅರ್ಧ ಗಂಟೆಯೊಳಗೆ ಇವತ್ತಿನ ಸ್ಥಿತಿ ಹೇಳ್ತದೆ. ಮೂರು ದಿನ ಹಳೆಯ ವರದಿ ಹೇಳುವುದು ಮೂರು ದಿನದ ಹಿಂದಿನ ಸ್ಥಿತಿ. ಇದಕ್ಕೆ ಉದಾಹರಣೆ ಗಡಿನಾಡಿನ ಪಕ್ಕದಲ್ಲೇ ಇದೆ. 2022ರ ಜನವರಿಯಲ್ಲಿ ಮುಂಬಯಿಯಿಂದ ಗೋವಾಕ್ಕೆ ಬಂದ ಕಾರ್ಡೇಲಿಯಾ ಕ್ರೂಸ್ ಹಡಗಿನಲ್ಲಿ ಸುಮಾರು 2,000 ಜನರನ್ನು ಪರೀಕ್ಷಿಸಿದಾಗ 66 ಮಂದಿಗೆ ಸೋಂಕು ಕಂಡಿತು. ಹಡಗಿಗೇ ಬಾಗಿಲಲ್ಲಿ ಮಾಡಿದ ಪರೀಕ್ಷೆ ಒಳಗಿನ ಸೋಂಕನ್ನು ಪೂರ್ತಿ ತಡೆಯುವುದಿಲ್ಲ ಅಂದ ಮೇಲೆ, ದಿನಾ ಸಾವಿರಾರು ಜನ ದಾಟುವ ರಸ್ತೆಗೆ ಏನು ಹೇಳೋಣ?

ಮೊದಲು ಹೇಳಿದ ಮಾತಿಗೆ ವಾಪಸು ಬರ್ತೇನೆ. ವಿಹಾರದ ಹಡಗು ಹತ್ತುವವರಿಗೆ ಅಗ್ಗದ ಪರೀಕ್ಷೆ ಸಾಕಾಯಿತು. ಮನೆಗೆಲಸಕ್ಕೆ ತೊಕ್ಕೊಟ್ಟಿಗೆ ಹೋಗುವವರಿಗೆ ಸಾಕಾಗಲಿಲ್ಲ.

ಕೊನೆಯದಾಗಿ

ನನ್ನ ಸಲಹೆ ಸಣ್ಣದು. ಮುಂದೆ ಇನ್ನೊಂದು ರೋಗ ಬಂದಾಗ ಗಡಿಯಲ್ಲಿ ಪರೀಕ್ಷೆ ಕೇಳಬಹುದು. ಆದರೆ ಗಡಿಯ ಎರಡೂ ಬದಿಯ ಪಂಚಾಯತುಗಳು ಸೇರಿ, ದಿನಾ ದಾಟುವವರ ಪಟ್ಟಿಯನ್ನು ಈಗಲೇ ಮಾಡಿಟ್ಟುಕೊಳ್ಳಲಿ. ಗುರುತಿನ ಚೀಟಿ ಉದ್ಯೋಗದಾತನಿಂದ ಬರಬೇಕಾಗಿಲ್ಲ, ಊರಿನಿಂದ ಬಂದರೆ ಸಾಕು. ನಮ್ಮ ಹತ್ತಿರ ಗಡಿನಾಡಿನ ಶಾಲೆಗಳ ಪಟ್ಟಿ ಉಂಟು, ಕನ್ನಡ ಸಂಘಗಳ ಪಟ್ಟಿ ಉಂಟು. ದಿನಾ ಬೆಳಿಗ್ಗೆ ತಲಪಾಡಿ ದಾಟುವವರ ಪಟ್ಟಿ ಇಲ್ಲ.

ಪಕ್ಕದ ಮನೆಯವರು ಈಗ ಮತ್ತೆ ಕೆಲಸಕ್ಕೆ ಹೋಗ್ತಾರೆ. ಮೊದಲಿನ ಎರಡು ಮನೆಗಳಲ್ಲಿ ಒಂದು ಮಾತ್ರ ವಾಪಸು ಸಿಕ್ಕಿತು. ಇನ್ನೊಂದು ಮನೆಯವರು ಅಷ್ಟರಲ್ಲಿ ಗಡಿಯ ಆಚೆಯವರನ್ನೇ ನೋಡಿಕೊಂಡಿದ್ದರು.

ನನ್ನ ಸಮಯ ಮುಗಿಯಿತು ಅಂತ ಕಾಣ್ತದೆ. ಸೊಲ್ಲಾಪುರ ಮತ್ತು ವಯನಾಡಿನ ಗೆಳೆಯರು ಅಲ್ಲಿಯ ಅನುಭವ ಹೇಳಿದರೆ ಈ ಲೆಕ್ಕವನ್ನು ಇನ್ನಷ್ಟು ಸರಿಮಾಡಿಕೊಳ್ಳಬಹುದು.