ಅಕಾಲಮೃತ್ಯುವಿನ ತಾಣಗಳು: ಕಿತ್ತೂರ ಸೀಮೆಯ ಒಂದು ವಿಚಾರ

ಪಶ್ಚಿಮದ ದೇಶಗಳಲ್ಲಿ ಅಕ್ಟೋಬರ್ 31ನೆಯ ರಾತ್ರಿಗೆ ಹ್ಯಾಲೋವೀನ್ ಎಂದು ಹೆಸರು. ನವೆಂಬರ್ 1ರಂದು ಸಕಲ ಸಂತರನ್ನೂ 2ರಂದು ಗತಿಸಿದ ಸಕಲರನ್ನೂ ಸ್ಮರಿಸುವದು ಕ್ರೈಸ್ತ ಸಂಪ್ರದಾಯವಾದ್ದರಿಂದ, ಅದರ ಮುನ್ನಿನ ರಾತ್ರಿ ಸತ್ತವರು ಭೂಮಿಯ ಮೇಲೆ ಸಂಚರಿಸುವರೆಂಬ ನಂಬಿಕೆ ಅಲ್ಲಿ ಬೆಳೆದು ಬಂದಿರುವದು. ನಮ್ಮ ಮಹಾಲಯ ಅಮಾವಾಸ್ಯೆಗೆ ಇದು ತೀರ ದೂರದ ಸಂಗತಿಯಲ್ಲ. ಆದರೆ ಕಳೆದ ಶತಮಾನದಿಂದೀಚೆಗೆ ಅಲ್ಲಿ ಅಂಜಿಕೆಯೇ ಒಂದು ವ್ಯಾಪಾರವಾಗಿದೆ. ಇಂಗ್ಲೆಂಡಿನ ಲಿಪ್‌ಹುಕ್ ಎಂಬಲ್ಲಿ 1915ರಲ್ಲಿ ಕಟ್ಟಿದ ದೆವ್ವದ ಮನೆಯೊಂದು ಇಂದಿಗೂ ಉಳಿದಿರುವದು. ಅಮೇರಿಕೆಯ ಕ್ಯಾಲಿಫೋರ್ನಿಯಾದ ನಾಟ್ಸ್ ಬೆರಿ ಫಾರ್ಮ್ ಎಂಬ ವಿಹಾರಸ್ಥಾನದಲ್ಲಿ 1973ರಿಂದ ಈ ಹಬ್ಬದ ದಿನಗಳಲ್ಲಿ ಜನರನ್ನು ಬಯಲಲ್ಲಿಯೇ ಹೆದರಿಸುವ ಏರ್ಪಾಡು ನಡೆದಿರುವದು. ಆಳೆತ್ತರ ಬೆಳೆದ ಗೋವಿನಜೋಳದ ಹೊಲದಲ್ಲಿ ದಾರಿ ಕಡಿದು, ಕತ್ತಲೆಯಲ್ಲಿ ವೇಷಗಾರರನ್ನು ಅಡಗಿಸಿಟ್ಟು, ಟಿಕೀಟು ಕೊಂಡು ಬಂದವರನ್ನು ಬೆದರಿಸಿ ಕಳಿಸುವ ಒಕ್ಕಲಿಗರೂ ಅಲ್ಲಿ ಉಂಟು.

ಇಂಥ ತಾಣವನ್ನು ನಮ್ಮಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವದು ಕಿತ್ತೂರ ಕೋಟೆಯೇ. ಪಾಳುಬಿದ್ದ ಅರಮನೆ, ಮಾಡಿಲ್ಲದ ಕೋಣೆಗಳು, ಧ್ರುವನಕ್ಷತ್ರವನ್ನು ನೋಡಲು ಗೋಡೆಯಲ್ಲಿ ಕೊರೆದ ರಂಧ್ರ; ಹೊತ್ತು ಮುಳುಗಿದ ಮೇಲೆ ಅಲ್ಲಿ ನಿಂತರೆ ಎದೆ ನಡುಗಲು ವೇಷಗಾರರು ಬೇಕಾಗಲಾರರು. ದಿನವೂ ಸರಿಸುಮಾರಾಗಿ ಹೊಂದುವದು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ ಸೇಂಟ್ ಜಾನ್ ಥ್ಯಾಕರೆ ಈ ಕೋಟೆಯ ಮುಂದೆ ಸತ್ತನು. ಆಂಗ್ಲ ಕಾದಂಬರಿಕಾರ ಥ್ಯಾಕರೆಗೆ ಇವನು ಚಿಕ್ಕಪ್ಪನಾಗಬೇಕು. ಆ ಜಯದ ಸ್ಮರಣೆಗಾಗಿಯೇ ಈಗ ಅಕ್ಟೋಬರ್ ಕೊನೆಯ ವಾರದಲ್ಲಿ ಕಿತ್ತೂರ ಉತ್ಸವ ನಡೆಯುವದು. ಡಿಸೆಂಬರದಲ್ಲಿ ಕಂಪನಿಯವರು ದೊಡ್ಡ ಸೈನ್ಯದೊಡನೆ ಮರಳಿ ಬಂದು ಕೋಟೆಯನ್ನು ಹಿಡಿದರು. ರಾಣಿ ಚೆನ್ನಮ್ಮನವರು ಬೈಲಹೊಂಗಲದಲ್ಲಿ ಸೆರೆಯಾಗಿದ್ದು 1829ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರ ಸಮಾಧಿಯು ಆ ಊರಲ್ಲಿಯೇ ಇರುವದು.

ಇಲ್ಲಿ ಒಂದು ಮಾತು. ಆ ಅಕ್ಟೋಬರದಲ್ಲಿ ಕಿತ್ತೂರವರ ಕೈಗೆ ಸೆರೆಸಿಕ್ಕ ಇಬ್ಬರು ಆಂಗ್ಲ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬನು. ತನ್ನ ಮೇಲಧಿಕಾರಿ ಬಿದ್ದ ಕೋಟೆಯಲ್ಲಿಯೇ ದಿನಗಳನ್ನೆಣಿಸಿ ಸುರಕ್ಷಿತವಾಗಿ ಹೊರಬಂದ ಆ ತರುಣನು ಮುಂದೆ ಇದೇ ಸೀಮೆಯಲ್ಲಿ ಚಾಕರಿ ಮಾಡುತ್ತ ನೂರಾರು ಕನ್ನಡ ಶಾಸನಗಳನ್ನು ನಕಲು ಮಾಡಿಸಿದನು. ಚಾಲುಕ್ಯರ ಇತಿಹಾಸ ಬರೆದವರೆಲ್ಲ ಅವನಿಗೆ ಋಣಿಗಳು. ಕಿತ್ತೂರವರು ಸೆರೆಯಾಳುಗಳನ್ನು ಬೇರೆ ರೀತಿಯಿಂದ ನಡೆಸಿಕೊಂಡಿದ್ದರೆ ಈ ಸಂಗ್ರಹವೇ ಇರುತ್ತಿರಲಿಲ್ಲ.

ಅದಿರಲಿ, ಈಗ ದೆವ್ವಗಳ ವಿಷಯ. ಆಸೆ ತೀರದೆ ಅಕಾಲಮೃತ್ಯುವಿಗೀಡಾದವರು, ಅದರಲ್ಲಿಯೂ ಕುತ್ತಿಗೆಗೆ ಹಗ್ಗ ಬಿದ್ದು ಸತ್ತವರು, ಪಿಶಾಚಿಗಳಾಗಿ ಆ ಮರದಲ್ಲಿಯೇ ನೆಲೆಸುವರೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಹು ಹಳೆಯದು. ಅಂಥ ಮರದ ಹತ್ತಿರ ಬಸುರಿಯರೂ ಬಾಣಂತಿಯರೂ ಸುಳಿಯಬಾರದೆಂದು ಹಿರಿಯರು ಕಟ್ಟಪ್ಪಣೆ ಮಾಡುತ್ತಿದ್ದರು. ಈ ಲೆಕ್ಕದಿಂದ ಖಾನಾಪುರ ತಾಲೂಕಿನ ನಂದಗಡದಂಥ ಭಯಂಕರ ಸ್ಥಳವು ಈ ಸೀಮೆಯಲ್ಲಿ ಮತ್ತೊಂದು ಇರಬಾರದಿತ್ತು. ಸಂಗೊಳ್ಳಿ ರಾಯಣ್ಣನನ್ನು ಆಂಗ್ಲರು 1831ರ ಜನವರಿ 26ರಂದು ಆಲದ ಮರಕ್ಕೆ ಗಲ್ಲಿಗೇರಿಸಿದ್ದು ಆ ಊರ ಬಳಿಯಲ್ಲಿಯೇ. ಅವನ ವಯಸ್ಸು ಇನ್ನೂ ಹರೆಯದ್ದು. ಕೈಗೊಂಡ ಕಾರ್ಯವು ಕೊನೆಗಾಣಲಿಲ್ಲ. ಸೆರೆಸಿಕ್ಕದ್ದು ಬಲದಿಂದಲ್ಲ, ಮೋಸದಿಂದ. ಪಿಶಾಚಿಯಾಗಲು ಬೇಕಾದ ಲಕ್ಷಣಗಳಲ್ಲಿ ಒಂದೂ ಕಡಿಮೆಯಿಲ್ಲ.

ಆದರೆ ಜನರು ಮಾಡಿದ್ದೇನು? ಅವನ ಸಮಾಧಿಯ ಮೇಲೆ ಸಂಗಡಿಗನೊಬ್ಬನು ಆಲದ ಸಸಿಯನ್ನು ನೆಟ್ಟನೆಂಬುದು ಐತಿಹ್ಯ. ಸಸಿಯು ಹೆಮ್ಮರವಾಗಿ ಇಂದಿಗೂ ನಿಂತಿರುವದು. ಮಕ್ಕಳಿಲ್ಲದ ಹೆಣ್ಣುಮಕ್ಕಳು ಆ ಮರಕ್ಕೆ ಹೋಗಿ ಹರಕೆ ಹೊತ್ತು ಪುಟ್ಟ ತೊಟ್ಟಿಲುಗಳನ್ನು ಕಟ್ಟಿ ಬರುವರು. ಬಸುರಿಯರು ಸುಳಿಯಬಾರದೆಂಬ ಜಾತಿಯ ಮರಕ್ಕೆ ಬಸುರನ್ನು ಬೇಡಿಕೊಂಡು ಹೋಗುವದೆಂದರೆ ಇದೇನು ಸಾಮಾನ್ಯ ಮಾರ್ಪಾಡಲ್ಲ. ಯಾವ ಮಠಾಧಿಪತಿಯೂ ಇದನ್ನು ವಿಧಿಸಿದ್ದಲ್ಲ, ಯಾವ ಪುರಾಣವೂ ಹೇಳಿದ್ದಲ್ಲ. ರಾಯಣ್ಣನು ಸರಕಾರದ ಕಚೇರಿಗಳಿಗೆ ಬೆಂಕಿಯಿಟ್ಟು ದಫ್ತರಗಳನ್ನು ಸುಟ್ಟಾಗ ಒಕ್ಕಲಿಗನ ಕಂದಾಯದ ಭಯವೂ ಅದರೊಡನೆ ಸುಡುತ್ತಿತ್ತೆಂಬುದನ್ನು ಮರೆಯಬಾರದು. ಅಂಥವನು ತಮ್ಮನ್ನೇ ಕಾಡುವನೆಂದು ಆ ಜನರು ನಂಬಲಾರದೆ ಹೋದರೆಂದೇ ನಮ್ಮ ಅಭಿಪ್ರಾಯ.

ಸತ್ತವರೆಲ್ಲರಿಗೂ ಇಂಥ ಭಾಗ್ಯವಿಲ್ಲ. ಬೈಲಹೊಂಗಲದ ಸಂಗ್ಯಾನ ಕಥೆಯನ್ನೇ ನೋಡಿರಿ. ಪರಸ್ತ್ರೀಮೋಹಕ್ಕೆ ಬಿದ್ದು, ಗೆಳೆಯ ಬಾಳ್ಯಾನ ದ್ರೋಹದಿಂದ ಕೊಲೆಯಾದ ಈ ಸಂಗ್ಯಾನಿಗೆ ಗುಡಿಯಿಲ್ಲ, ಹರಕೆಯಿಲ್ಲ. ಅವನಿಗೆ ದೊರೆತದ್ದು ಹಾಡು ಮತ್ತು ಆಟ. ಮುಂಬಯಿ ಇಲಾಖೆಯ ಅಧಿಕಾರಿಯಾಗಿದ್ದ ಫ್ಲೀಟ್ ಸಾಹೇಬರು ಆ ಲಾವಣಿಯನ್ನು ಇಂಡಿಯನ್ ಆಂಟಿಕ್ವರಿಯಲ್ಲಿ ಅಚ್ಚು ಹಾಕಿಸಿದರು. ‘ಸಂಗ್ಯಾ ಬಾಳ್ಯಾ’ ಸಣ್ಣಾಟವಂತೂ ಉತ್ತರ ಕರ್ನಾಟಕದ ಊರೂರ ಬಯಲಲ್ಲಿ ರಾತ್ರಿಯಿಡೀ ನಡೆದಿರುವದು. ಕೊಲೆಯಾಗುವದೆಂದು ಮೊದಲೇ ಗೊತ್ತಿದ್ದೂ ಬೆಳಗಿನ ತನಕ ಚಳಿಯಲ್ಲಿ ಕಂಬಳಿ ಹೊದ್ದು ಕೂಡ್ರುವ ನಮ್ಮ ಜನರಿಗೂ ಗೋವಿನಜೋಳದ ಹೊಲದಲ್ಲಿ ನುಗ್ಗುವ ಅಮೇರಿಕೆಯವರಿಗೂ ಈ ಒಂದು ವಿಷಯದಲ್ಲಿ ಮಾತ್ರ ಹೋಲಿಕೆಯುಂಟು. ಭೇದವೆಂದರೆ, ಆಟ ನೋಡಿದವನು ಅಂಜಿ ಓಡುವದಿಲ್ಲ; ಸಂಗ್ಯಾನಿಗಾಗಿ ಮರುಗುತ್ತ ಮನೆಗೆ ಹೋಗುವನು.

ವೇಷದ ಭಯವನ್ನೇ ನೋಡಬೇಕೆಂದರೆ ರಾಮದುರ್ಗ ತಾಲೂಕಿನ ಗೊಡಚಿಯ ವೀರಭದ್ರನಿದ್ದಾನೆ. ಈ ದೇವರ ಪುರವಂತರು ಖಡ್ಗ ಹಿಡಿದು, ದಕ್ಷಯಜ್ಞದ ಒಡಪುಗಳನ್ನು ಗರ್ಜಿಸುತ್ತ ಕುಣಿಯುವಾಗ ಕೂಸುಗಳು ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವವು. ಮರುಕ್ಷಣವೇ ಅದೇ ತಾಯಿ ಆ ಪುರವಂತನ ಕಾಲಿಗೆ ಕೂಸನ್ನು ಹಾಕುವಳು.

ಅಕ್ಟೋಬರದ ಉತ್ಸವಕ್ಕೆಂದು ಕಿತ್ತೂರಿಗೆ ಹೋಗುವ ವಾಚಕರು ಅಲ್ಲಿಂದ ನಂದಗಡಕ್ಕೂ, ಬೈಲಹೊಂಗಲ ತಾಲೂಕಿನ ಸಂಗೊಳ್ಳಿಗೂ ಹೋಗಿಬರಬೇಕೆಂದು ನಮ್ಮ ಸೂಚನೆ. ಸಂಗೊಳ್ಳಿಯಲ್ಲಿ ರಾಯಣ್ಣನದೊಂದು ಚಿಕ್ಕ ಗುಡಿಯಿದೆ. ಮೂರ್ತಿಯ ಎಡಬಲಗಳಲ್ಲಿ ಅಂಗಸಾಧನೆಯ ಎರಡು ಮರದ ಭಾರಗಳನ್ನಿಟ್ಟಿರುವರು. ಅವುಗಳಲ್ಲಿ ಒಂದನ್ನು ರಾಯಣ್ಣನು ತನ್ನ ಕೈಯಿಂದಲೇ ಎತ್ತುತ್ತಿದ್ದನೆಂದು ಊರವರು ಹೇಳುವರು.